ಪಾಯಿಂಟರ್ ಹೋಲಿಸಿದರೆ ಸಾಲದು

ಪ್ರೋಗ್ರಾಮಿನಲ್ಲಿ ಎರಡು ಆಬ್ಜೆಕ್ಟ್ (ಮಾಹಿತಿಯ ಘಟಕ) ಒಂದೇನಾ ಅಂತ ತಿಳಿಯಲು ಪಾಯಿಂಟರ್ ಹೋಲಿಸಿದರೆ ಸಾಕು ಅಂತ ಬರೆದಿದ್ದೀರಿ, ಇದನ್ನು ನಾನು ಒಪ್ಪುವುದಿಲ್ಲ. ಪಾಯಿಂಟರ್ ಅಂದರೆ ಆ ಹೊತ್ತಿನ ಮೆಮೊರಿ ವಿಳಾಸ ಅಷ್ಟೇ. ಝಡ್‌ಒಡಿಬಿಯನ್ನೇ (ಪೈಥಾನ್ ಆಬ್ಜೆಕ್ಟ್‌ಗಳನ್ನು ಉಳಿಸಿಡುವ ಡೇಟಾಬೇಸ್) ನೋಡಿ, ಡೇಟಾಬೇಸಿಗೆ ತೆರೆದ ಒಂದೇ ಕನೆಕ್ಷನ್ ಒಳಗೆ ನಿಮ್ಮ ಮಾತು ಸರಿ, ಆದರೆ ಅದೇ ಆಬ್ಜೆಕ್ಟನ್ನು ಎರಡು ಕನೆಕ್ಷನ್‌ಗಳಲ್ಲಿ ತೆರೆದರೆ ಮೆಮೊರಿಯಲ್ಲಿ ಎರಡು ಪ್ರತಿ ಇರುತ್ತವೆ, ಪಾಯಿಂಟರ್ ಬೇರೆ ಬೇರೆ, ಡೇಟಾಬೇಸ್‌ನಲ್ಲಿ ಅದರ ಗುರುತಾದ 8 ಬೈಟಿನ ಆಬ್ಜೆಕ್ಟ್ ಐಡಿ ಮಾತ್ರ ಒಂದೇ. ಹಾಗಂತ ಆಬ್ಜೆಕ್ಟ್ ಒಳಗಿನ ಮೌಲ್ಯ ಹೋಲಿಸುವುದೂ ಸರಿಯಲ್ಲ. ಗೋಣಿಕೊಪ್ಪದಲ್ಲಿ ಕಾಫಿ ಖರೀದಿ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಒಬ್ಬರೇ ಬೆಳೆಗಾರರು ಒಂದೇ ದಿನ ತಂದ ಎರಡು ರೋಬಸ್ಟಾ ಲಾಟ್‌ಗಳಲ್ಲಿ ತೂಕ, ತೇವಾಂಶ, ದರ ಎಲ್ಲಾ ಒಂದೇ ಇರಬಹುದು, ಆದರೂ ಎರಡಕ್ಕೂ ದುಡ್ಡು ಕೊಡಬೇಕು ಅಲ್ವಾ? ಒಂದು ಕನೆಕ್ಷನ್ ದಾಟಿ ಹೋಲಿಸುವಾಗ ದಯವಿಟ್ಟು ಐಡಿಯನ್ನೇ ಹೋಲಿಸಲು ಹೇಳಿ.