ರೈಫಲ್ ಗುಂಡಿನ ವೇಗ ಮತ್ತು ನಿಖರತೆ: ಒಂದು ಸ್ಪಷ್ಟನೆ

‘ಗುಂಡಿನ ವೇಗ ಹೆಚ್ಚಿದಷ್ಟೂ ಗುರಿ ನಿಖರ’ ಎಂಬ ಸಂದೇಶವೊಂದು ಮೈಸೂರಿನ ರೈಫಲ್ ಅಭ್ಯಾಸಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಅರ್ಧಸತ್ಯವಷ್ಟೇ. ವೇಗ ಹೆಚ್ಚಿದರೆ ಗುಂಡು ಕೆಳಗಿಳಿಯುವ ಪ್ರಮಾಣ ತಗ್ಗುವುದು ನಿಜ. ಆದರೆ ಆ ಇಳಿತ ಪ್ರತಿ ಸಲವೂ ಒಂದೇ ಆಗಿದ್ದರೆ ಸೈಟನ್ನು (ಗುರಿ ಹಿಡಿಯಲು ರೈಫಲ್ ಮೇಲಿರುವ ಸಾಧನ) ತಿರುಗಿಸಿ ಸರಿಪಡಿಸಿಕೊಳ್ಳಬಹುದು. ತೊಂದರೆ ಕೊಡುವುದು ಒಂದು ಗುಂಡಿನಿಂದ ಇನ್ನೊಂದಕ್ಕೆ ಬದಲಾಗುವ ವೇಗ.

ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ನಳಿಗೆ ಬಿಡುವ ಪಾಯಿಂಟ್ 22 (ಸುಮಾರು 0.22 ಇಂಚು ವ್ಯಾಸದ) ಗುಂಡು 50 ಮೀಟರ್ ದೂರದಲ್ಲಿ ಸುಮಾರು 12 ಸೆಂಟಿಮೀಟರ್ ಇಳಿದಿರುತ್ತದೆ; ವೇಗ 10 ಮೀಟರ್ ಕಡಿಮೆಯಾದರೆ ಇನ್ನೂ ಸುಮಾರು 7 ಮಿಲಿಮೀಟರ್ ಇಳಿಯುತ್ತದೆ. ಆ ದೂರದ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರ್ ಎಂಬುದನ್ನು ಗಮನಿಸಬೇಕು. ಅದೇ ವ್ಯತ್ಯಾಸ 10 ಮೀಟರ್ ದೂರದಲ್ಲಿ ಕಾಲು ಮಿಲಿಮೀಟರಿನಷ್ಟು ಮಾತ್ರ, ಏಕೆಂದರೆ ಇಳಿತವು ಹಾರಾಟದ ಸಮಯದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಹತ್ತಿರದಲ್ಲಿ ಚೆನ್ನಾಗಿ ಕೂಡಿಬಂದ ಗುಂಡೇಟುಗಳ ಗುಂಪು ದೂರದಲ್ಲಿ ಮೇಲೆ-ಕೆಳಗೆ ಚದುರಲು ಇದೂ ಒಂದು ಕಾರಣ.

ಆದರೆ ಅಡ್ಡಡ್ಡ ಚದುರಿದ್ದರೆ ಕಾಡತೂಸನ್ನು ದೂರುವ ಮೊದಲು ಗಾಳಿಯನ್ನೂ, ಸಂಕೋಚವಿಲ್ಲದೆ ಹೇಳುವುದಾದರೆ, ಟ್ರಿಗರ್ ಎಳೆಯುವ ನಮ್ಮ ಬೆರಳನ್ನೂ ಪರೀಕ್ಷಿಸಿಕೊಳ್ಳುವುದು ಒಳಿತು.