ಗಂಡನನ್ನು ಕರೆಸಿಕೊಳ್ಳಲು ಎಷ್ಟು ಸಂಬಳ ಬೇಕು ಸ್ವಾಮಿ?

ಬ್ರಿಟನ್ನಿನ ಪಾಸ್‌ಪೋರ್ಟ್ ಇದೆ. ಖಾಯಂ ಕೆಲಸ ಇದೆ. ತೆರಿಗೆ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ, ತಪ್ಪಿಸುವ ಮಾತೇ ಇಲ್ಲ. ಇಷ್ಟಿದ್ದರೂ ಕಟ್ಟಿಕೊಂಡ ಗಂಡನನ್ನು ಭಾರತದಿಂದ ಇಲ್ಲಿಗೆ ಕರೆಸಿಕೊಳ್ಳಬೇಕಾದರೆ ನನ್ನ ಸಂಬಳ ವರ್ಷಕ್ಕೆ 29,000 ಪೌಂಡ್ ಮುಟ್ಟಬೇಕು. ಇಲ್ಲದಿದ್ದರೆ ವಿಡಿಯೊ ಕಾಲ್‌ನಲ್ಲೇ ಸಂಸಾರ ಮಾಡಿ!

ಹೋಗಲಿ, ಒಂದು ಅಂಕಿಗಾದರೂ ನಿಲ್ಲುತ್ತಾರಾ? ಅದೂ ಇಲ್ಲ. 2012ರಿಂದ 18,600 ಇತ್ತು. 2023ರ ಡಿಸೆಂಬರ್‌ನಲ್ಲಿ ಆಗಿನ ಸರ್ಕಾರ ಇದ್ದಕ್ಕಿದ್ದಂತೆ 38,700 ಮಾಡುತ್ತೇವೆ ಎಂದಿತು. ಎಲ್ಲಿಂದ ಬಂತು ಆ ಲೆಕ್ಕ? ಹೊರದೇಶದವರನ್ನು ಕೆಲಸಕ್ಕೆ ತರಿಸಿಕೊಳ್ಳುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಇಟ್ಟ ಸಂಬಳ ಅದು. ನಾನೇನು ಗಂಡನನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದೇನಾ? ಗಲಾಟೆ ಜಾಸ್ತಿಯಾದ ಮೇಲೆ, ಒಂದೇ ಸಲ ಬೇಡ, ಹಂತ ಹಂತವಾಗಿ ಏರಿಸೋಣ ಎಂದರು. 2024ರ ಏಪ್ರಿಲ್ 11ರಿಂದ 29,000 ಆಯಿತು. ಮುಂದೆ 34,500, ಅದರ ಮುಂದೆ 38,700 ಎಂದಿದ್ದರು. ಅಷ್ಟರಲ್ಲಿ ಸರ್ಕಾರವೇ ಬದಲಾಯಿತು. ಹೊಸಬರು ಏರಿಕೆ ನಿಲ್ಲಿಸಿ, ಸರ್ಕಾರದ ವಲಸೆ ಸಲಹಾ ಸಮಿತಿಯಿಂದ ವರದಿ ಕೇಳಿದರು. 2025ರ ಜೂನ್‌ನಲ್ಲಿ ಬಂದ ವರದಿ, ಸ್ಕಿಲ್ಡ್ ವರ್ಕರ್ ಸಂಬಳವನ್ನು ಸಂಸಾರಕ್ಕೆ ಅಂಟಿಸಬೇಡಿ ಎಂದಿತು. ಅಬ್ಬ, ಇಷ್ಟು ತಿಳಿಯಲು ಸಮಿತಿ ಬೇಕಿತ್ತು.

ಇಲ್ಲಿನ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ಗಂಟೆಗೆ 12.21 ಪೌಂಡ್ ಆಯಿತು. ಆ ಲೆಕ್ಕದಲ್ಲಿ ವಾರಕ್ಕೆ 40 ಗಂಟೆ ದುಡಿದರೂ ವರ್ಷಕ್ಕೆ 25,400ರ ಹತ್ತಿರ ನಿಲ್ಲುತ್ತದೆ. ಅಂದರೆ ಕಾನೂನೇ ಸಾಕು ಎಂದ ಕೂಲಿಗೆ ಪೂರ್ತಿ ದಿನ ದುಡಿಯುವವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವಂತಿಲ್ಲ. ಬಾಡಿಗೆ ಲಂಡನ್ನಿನಲ್ಲಿ ಎಷ್ಟು, ಉತ್ತರದ ಸಣ್ಣ ಊರುಗಳಲ್ಲಿ ಎಷ್ಟು? ಮಿತಿ ಮಾತ್ರ ಎಲ್ಲರಿಗೂ ಒಂದೇ. ನನ್ನವರು ಭಾರತದಲ್ಲಿ ಚೆನ್ನಾಗಿಯೇ ದುಡಿಯುತ್ತಾರೆ. ಆದರೆ ಅಲ್ಲಿನ ಅವರ ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ. ಉಳಿತಾಯ ತೋರಿಸಬಹುದು, ಸರಿ. ಬರೀ ಉಳಿತಾಯದ ಮೇಲೆ ಹೋಗುವುದಾದರೆ 88,500 ಪೌಂಡ್, ಅದೂ 6 ತಿಂಗಳಿಂದ ಖಾತೆಯಲ್ಲಿ ಕೂತಿರಬೇಕು. ಅಷ್ಟು ದುಡ್ಡಿದ್ದವಳು ಶನಿವಾರ ಭಾನುವಾರ ಓವರ್‌ಟೈಮ್ ಮಾಡುತ್ತಿದ್ದೆನೇ?

ಜಾಸ್ತಿ ಸಂಬಳದ ಕೆಲಸಕ್ಕೆ ಹಾರು ಎನ್ನುತ್ತಾರೆ ಸ್ನೇಹಿತರು. ಹಾರಿದರೆ ಅಲ್ಲಿ 6 ತಿಂಗಳು ತುಂಬುವವರೆಗೆ ಕಾಯಬೇಕು. ಕಾಯದಿದ್ದರೆ ಹಿಂದಿನ 12 ತಿಂಗಳ ಗಳಿಕೆಯೂ ಮಿತಿ ಮುಟ್ಟಿರಬೇಕು. ಪ್ರತಿ ಪೇಸ್ಲಿಪ್‌ನ ದುಡ್ಡು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹಾಗೇ ಕಾಣಬೇಕು. ರಾತ್ರಿ ಊಟದ ಮೇಜಿನ ಮೇಲೆ ಎರಡನ್ನೂ ಹರಡಿಕೊಂಡು, ಒಂದು ಕಡೆಯ ಮೊತ್ತಕ್ಕೆ ಹಳದಿ ಗೆರೆ ಎಳೆದು, ಇನ್ನೊಂದು ಕಡೆ ಹುಡುಕುತ್ತೇನೆ.

ಇದಕ್ಕಿಂತ ಹೇಸಿಗೆಯಾಗುವುದು ಸಂಬಂಧ ನಿಜವೆಂದು ತೋರಿಸುವ ಕೆಲಸ. ಗಂಡ ಹೆಂಡತಿಯ ವಾಟ್ಸಾಪ್ ಮಾತುಗಳಲ್ಲಿ ಯಾವುದನ್ನು ಪ್ರಿಂಟ್ ಮಾಡಲಿ? ‘ಊಟ ಆಯ್ತಾ’ ಅಂತ ಕೇಳಿದ್ದು ಸಾಕಾ? ಜಗಳ ಆಡಿದ್ದನ್ನೂ ಹಾಕಲಾ? ಜಗಳಕ್ಕಿಂತ ಒಳ್ಳೆ ಸಾಕ್ಷಿ ಇನ್ನೇನಿದೆ ಹೇಳಿ. ಮುಖ ನೋಡದ ಅಧಿಕಾರಿಯೊಬ್ಬರು ಇದನ್ನೆಲ್ಲ ಓದಿ, ಹೌದು ಇವರು ನಿಜವಾದ ದಂಪತಿ ಅಂತ ಮುದ್ರೆ ಒತ್ತಬೇಕು.

ಇಷ್ಟಾದ ಮೇಲೆ ಕ್ಷಯ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ, ಅರ್ಜಿ ಶುಲ್ಕ. ಆರೋಗ್ಯದ ಸರ್‌ಚಾರ್ಜ್ ಬೇರೆ: ವರ್ಷಕ್ಕೆ 1,035ರಂತೆ, 33 ತಿಂಗಳ ವೀಸಾವನ್ನು 3 ವರ್ಷವೆಂದೇ ಎಣಿಸಿ 3,105 ಪೌಂಡ್ ಮುಂಗಡವಾಗಿ. ಆ ವೀಸಾ ಮುಗಿದಾಗ ಮತ್ತೆ ಅರ್ಜಿ, ಮತ್ತೆ ದುಡ್ಡು.

ಖರ್ಚನ್ನಾದರೂ ಹೇಗೋ ಹೊಂದಿಸಬಹುದು. ಈ ಅನಿಶ್ಚಿತತೆಯನ್ನು ಏನು ಮಾಡುವುದು? ಈಗಲೇ ಅರ್ಜಿ ಹಾಕಲಾ, ಮಿತಿ ಇಳಿಯಬಹುದೆಂದು ಕಾಯಲಾ? ಕಾಯುತ್ತಾ ಕೂತಾಗ ಏರಿಸಿಬಿಟ್ಟರೆ? ಹಳೇ ಮಿತಿ ಇದ್ದಾಗಲೇ ಅರ್ಜಿ ಹಾಕಿದವರಿಗೆ ವೀಸಾ ಮುಂದುವರಿಸುವಾಗಲೂ 18,600ರ ಲೆಕ್ಕವೇ ಇದೆ. ಅವರ ಅದೃಷ್ಟ. ನಮ್ಮ ಮದುವೆ 2024ರ ಆ ಏಪ್ರಿಲ್ ದಾಟಿದ ಮೇಲೆ ಆಯಿತು, ಅಷ್ಟೇ ನಮ್ಮ ತಪ್ಪು.

‘ಅಷ್ಟೊಂದು ಕಷ್ಟವಾದರೆ ನೀನೇ ಇಲ್ಲಿಗೆ ಬಾ’ ಎನ್ನುತ್ತಾರೆ ಅತ್ತೆ. ಅವರ ಮಟ್ಟಿಗೆ ಸರಿಯಾದ ಮಾತೇ. ಮುಂದಿನ ವಾರವೂ ಶನಿವಾರದ ಶಿಫ್ಟ್ ಬರೆಸಿಕೊಂಡಿದ್ದೇನೆ. ಅರ್ಜಿ ಹಾಕುವ ಮುಂಚೆ ಇನ್ನೊಬ್ಬ ಮಂತ್ರಿ ಬಂದು ಇನ್ನೊಂದು ಅಂಕಿ ಹೇಳಿದರೆ, ಅತ್ತೆಗೆ ಅವರೇ ಫೋನ್ ಮಾಡಿ ವಿವರಿಸಲಿ. ನನ್ನ ಕೈಲಾಗದು.