ಕೊಡಗಿನಲ್ಲಿ .22 ರೈಫಲ್‌ಗೆ ಎಲ್ಲರಿಗೂ ವಿನಾಯಿತಿ ಇಲ್ಲ: ಸ್ಪಷ್ಟನೆ

"ಕೊಡಗಿನವರಿಗೆ .22ಗೆ (ನಳಿಕೆಯ ಒಳವ್ಯಾಸ 0.22 ಇಂಚು ಇರುವ ರೈಫಲ್) ಲೈಸೆನ್ಸ್ ಬೇಡ, ಗುರಿ ಕಲಿಯಲು ಅದನ್ನೇ ಕೊಳ್ಳಿ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ಸಂದೇಶ ದಾರಿ ತಪ್ಪಿಸುವಂಥದ್ದು. ಬಂದೂಕು ಲೈಸೆನ್ಸ್‌ನಿಂದ 2029ರವರೆಗಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ, ಜಿಲ್ಲೆಯ ಎಲ್ಲರಿಗಲ್ಲ. .22 ರೈಫಲ್ ಎಂದರೆ 'ಲಾಂಗ್ ರೈಫಲ್' ಎಂಬ ಮದ್ದಿನ ತೋಟಾ ಹಾರಿಸುವ ಬಂದೂಕು. .22 ಏರ್ ರೈಫಲ್ ಬೇರೆಯೇ, ಅದು ಗಾಳಿಯಿಂದ 5.5 ಮಿ.ಮೀ. ಪೆಲೆಟ್ (ಸಣ್ಣ ಗುಂಡು) ಹಾರಿಸುತ್ತದೆ.

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಆಸೆಯಿದ್ದರೆ 4.5 ಮಿ.ಮೀ. ಸ್ಪ್ರಿಂಗ್ ಏರ್ ರೈಫಲ್‌ನಿಂದ ಶುರುಮಾಡಿ. 10 ಮೀಟರ್ ಸ್ಪರ್ಧೆಯ ಅಳತೆಯೂ ಅದೇ, ಪೆಲೆಟ್ ಅಗ್ಗ. ಈ 4.5 ಮಿ.ಮೀ. ರೈಫಲ್‌ನ ಶಕ್ತಿ 20 ಜೌಲ್‌ಗಿಂತ ಕಡಿಮೆಯಿದ್ದರೆ ಲೈಸೆನ್ಸ್ ಬೇಡ; ಬಿಲ್ ಮಾತ್ರ ಜೋಪಾನವಾಗಿಡಿ.

ಪೆಲೆಟ್ ಹಾಕದೆ ಟ್ರಿಗರ್ ಒತ್ತಲೇಬೇಡಿ. ಎದುರಿಗೆ ಗಾಳಿಯ ತಡೆಯಿಲ್ಲದೆ, ಸ್ಪ್ರಿಂಗ್ ತಳ್ಳುವ ಪಿಸ್ಟನ್ ನೇರ ಬಡಿದು ಸೀಲ್, ಸ್ಪ್ರಿಂಗ್ ಎರಡೂ ಕೆಡುತ್ತವೆ. ಗುರಿ ಚದುರಿದರೆ ಗುರಿ ನೋಡುವ ಸೈಟ್ ತಿರುಗಿಸುವ ಮೊದಲು ಸ್ಟಾಕಿನ (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ಸ್ಕ್ರೂ ಬಿಗಿ ಮಾಡಿ. ಒದೆತಕ್ಕೆ ಸಡಿಲವಾಗುವುದು ಅದೇ.